ಗಟ್ಟಿಯಾಗಿ ಉಳಿದ ಬ್ರೆಡ್‌ನಲ್ಲಿ ಮಗು ಕೈಯಲ್ಲೇ ಹಿಡಿದು ತಿನ್ನುವಂಥ ಸಿಹಿ ತಿಂಡಿ ಏನು ಮಾಡಬಹುದು?

ಅರ್ಧ ಪ್ಯಾಕೆಟ್ ಬ್ರೆಡ್ ಗಟ್ಟಿಯಾಗಿ ಉಳಿದಿದೆ, ಐದು ವರ್ಷದ ಮಗ ಚಮಚ ಮುಟ್ಟೋದಿಲ್ಲ, ಅತ್ತೆ ಮೊಟ್ಟೆ ತಿನ್ನೋದಿಲ್ಲ, ಮನೆಯಲ್ಲಿ ಓವನ್ ಇಲ್ಲ ಅಂತ ಬರೆದಿದ್ದೀರಿ. ಒಮ್ಮೆ ಸಕ್ಕರೆ ಹಾಲಿನಲ್ಲಿ ಅದ್ದಿ ತವಾ ಮೇಲೆ ಹಾಕಿದರೆ ಎಲ್ಲಾ ಮುದ್ದೆಯಾಯಿತು ಅಂತಲೂ ಹೇಳಿದ್ದೀರಿ. ನಾನಾಗಿದ್ದರೆ ಬಾಂಬೆ ಟೋಸ್ಟನ್ನೇ ಬೆರಳುದ್ದದ ಕಡ್ಡಿಗಳಾಗಿ ಮಾಡುತ್ತೇನೆ. ನಮ್ಮ ಮನೆಯಲ್ಲಿ ಬ್ರೆಡ್ ಉಳಿದಾಗೆಲ್ಲ ಇದೇ ತಿಂಡಿ. ಮೊಟ್ಟೆ ಹಾಕಿಯೂ ಮಾಡಬಹುದು, ಹಾಕದೆಯೂ ಮಾಡಬಹುದು.

ಮೊದಲು ಆ ಮುದ್ದೆಯ ವಿಷಯ. ಅದಕ್ಕೆ ಎರಡು ಕಾರಣ ಇರುತ್ತೆ.

ಒಂದು, ಬರೀ ಹಾಲಿಗೆ ಬಿಸಿ ತಾಗಿದರೆ ಅದು ಗಟ್ಟಿಯಾಗೋದಿಲ್ಲ. ಮೊಟ್ಟೆ ಇದ್ದರೆ ಅದು ಬೆಂದು ಬ್ರೆಡ್ಡಿನ ತೂತುಗಳೊಳಗೇ ಕಟ್ಟಿಕೊಳ್ಳುತ್ತೆ. ಮೊಟ್ಟೆ ಬೇಡ ಅಂದರೆ ಆ ಕೆಲಸಕ್ಕೆ ಒಂದು ಹಿಟ್ಟು ಬೇಕು. ಎರಡೂ ಇಲ್ಲದಿದ್ದರೆ ಬ್ರೆಡ್ ಹಾಲು ಕುಡಿದು ಕೂತಿರುತ್ತೆ ಅಷ್ಟೇ, ತವಾ ಮೇಲೆ ಎಷ್ಟು ಹೊತ್ತು ಇಟ್ಟರೂ ಮೆತ್ತಗೇ.

ಎರಡನೆಯದನ್ನು ಜಾಸ್ತಿ ಜನ ಗಮನಿಸೋದಿಲ್ಲ. ಹಳೆಯ ಬ್ರೆಡ್ ಅಂದರೆ ಒಣಗಿದ ಬ್ರೆಡ್ ಅಂತಲ್ಲ. ಬ್ರೆಡ್ ಗಟ್ಟಿಯಾಗೋದು ನೀರು ಆರಿಯೇ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಆದರೆ ಗಾಳಿಯಾಡದಂತೆ ಮುಚ್ಚಿಟ್ಟು ತೇವ ಹೋಗದ ಹಾಗೆ ಮಾಡಿದರೂ ಬ್ರೆಡ್ ಗಟ್ಟಿಯಾಗುತ್ತೆ. ಬುಸ್ಸಂಗೋ ಎಂಬ ಫ್ರೆಂಚ್ ವಿಜ್ಞಾನಿ 1852ರಲ್ಲೇ ಇದನ್ನು ತೋರಿಸಿದ್ದ. ಬೇಯುವಾಗ ನೀರು ಕುಡಿದು ಉಬ್ಬಿದ ಪಿಷ್ಟ, ಆರಿದ ಮೇಲೆ ನಿಧಾನವಾಗಿ ಮತ್ತೆ ಬಿಗಿಯಾಗುತ್ತೆ. ಗಟ್ಟಿತನ ಬರೋದು ಮುಖ್ಯವಾಗಿ ಅದರಿಂದ. ಅಂದರೆ ಪ್ಲಾಸ್ಟಿಕ್ ಕವರ್‌ನೊಳಗೇ ಇದ್ದ ನಿಮ್ಮ ಬ್ರೆಡ್ಡಿನಲ್ಲಿ ನೀರು ಹೆಚ್ಚುಕಮ್ಮಿ ಹಾಗೇ ಇದೆ. ಅದರ ಮೇಲೆ ಹಾಲು ಬೇರೆ. ಮುದ್ದೆಯಾಗದೆ ಇನ್ನೇನಾಗುತ್ತೆ?

ಫ್ರಿಜ್‌ನಲ್ಲಿ ಇಟ್ಟರೆ ಗಟ್ಟಿಯಾಗೋದು ಇನ್ನೂ ಬೇಗ. ಪಿಷ್ಟ ಬಿಗಿಯಾಗಲು ಫ್ರಿಜ್ಜಿನ ತಂಪೇ ಹೇಳಿ ಮಾಡಿಸಿದ್ದು. ಫ್ರೀಜರ್‌ನಲ್ಲಿ ಇಟ್ಟರೆ ಹಾಗಾಗೋದಿಲ್ಲ, ಅಲ್ಲಿ ಆ ಕೆಲಸ ಹೆಚ್ಚುಕಮ್ಮಿ ನಿಂತೇಹೋಗುತ್ತೆ. ಫ್ರಿಜ್ಜಿಗೆ ಹಾಕಿದರೆ ಬೂಷ್ಟು ಬರೋದು ತಡವಾಗುತ್ತೆ, ಅದು ನಿಜ.

ಬೂಷ್ಟಿನ ಮಾತು ಬಂತಲ್ಲ, ಒಂದು ಸ್ಲೈಸಿನ ಮೇಲೆ ಹಸಿರು ಚುಕ್ಕೆ ಕಂಡರೂ ಇಡೀ ಪ್ಯಾಕೆಟ್ ಎಸೆಯಿರಿ. ಚುಕ್ಕೆ ಇರುವಷ್ಟನ್ನು ಕತ್ತರಿಸಿ ಉಳಿದದ್ದನ್ನು ಬಳಸೋದು ಬೇಡ. ಬ್ರೆಡ್ ಮೆತ್ತಗಿರೋದರಿಂದ ಬೂಷ್ಟಿನ ಎಳೆ ಕಣ್ಣಿಗೆ ಕಾಣದಷ್ಟು ಒಳಗೆ ಹೋಗಿರುತ್ತೆ. ಮಳೆಗಾಲದಲ್ಲಿ ಬೆಳಕಿಗೆ ಹಿಡಿದು ನೋಡಿ.

ಇನ್ನು ಒಣಗಿಸೋದು. ರಾತ್ರಿ ಊಟದ ಪಾತ್ರೆ ತೊಳೆದ ಮೇಲೆ ಆರು ಸ್ಲೈಸ್ ತೆಗೆದುಕೊಂಡು ಪ್ರತಿಯೊಂದನ್ನೂ ಉದ್ದಕ್ಕೆ ಮೂರು ಪಟ್ಟಿ ಮಾಡಿ. ಅಂಚು ತೆಗೆಯಬೇಡಿ, ಮಗು ಹಿಡಿಯೋದೇ ಅಲ್ಲಿ. ಹದಿನೆಂಟು ಕಡ್ಡಿ ಆಗುತ್ತೆ. ಒಂದರ ಮೇಲೊಂದು ಬೀಳದ ಹಾಗೆ ಮೊರದಲ್ಲೋ ಜರಡಿಯಲ್ಲೋ ಹರಡಿ, ತೆಳ್ಳನೆ ಬಟ್ಟೆ ಮುಚ್ಚಿಡಿ. ಬೆಳಗ್ಗೆ ಹೊತ್ತಿಗೆ ಮೇಲ್ಭಾಗ ಒರಟಾಗಿರುತ್ತೆ, ಬಾಗಿಸಿದರೆ ಮುರಿಯುವ ಹಾಗಿರುತ್ತೆ. ಅದೇ ಹದ. ಮಳೆಗಾಲದಲ್ಲಿ ರಾತ್ರಿಯಿಡೀ ಇಟ್ಟರೂ ಒಣಗೋದಿಲ್ಲ. ಆಗ ಎಣ್ಣೆ ತುಪ್ಪ ಏನೂ ಹಾಕದೆ ತವಾ ಮೇಲೆ ಸಣ್ಣ ಉರಿಯಲ್ಲಿ ಎರಡೂ ಕಡೆ ಬಿಸಿ ಮಾಡಿ, ಪೂರ್ತಿ ಆರಲು ಬಿಡಿ. ಬಿಸಿಯಿರುವಾಗ ಮೆತ್ತಗಾಗುತ್ತೆ, ಗಾಬರಿ ಬೇಡ, ಆರಿದ ಮೇಲೆ ಗರಿಯಾಗುತ್ತೆ.

ಪ್ಯಾಕೆಟ್ ಬ್ರೆಡ್ಡಿನ ಇನ್ನೊಂದು ತೊಂದರೆ ಅಂದರೆ ಅದು ತೆಳು. ಅಯ್ಯಂಗಾರ್ ಬೇಕರಿಯಲ್ಲಿ ಕತ್ತರಿಸದ ಇಡೀ ಬ್ರೆಡ್ ಸಿಕ್ಕರೆ ತಂದು, ಒಂದು ದಿನ ಬಿಟ್ಟು, ಹೆಬ್ಬೆರಳಿನಷ್ಟು ದಪ್ಪಕ್ಕೆ ನೀವೇ ಹೆಚ್ಚಿಕೊಳ್ಳಿ. ಉಳಿದ ಪಾವ್ ಕೂಡ ಚೆನ್ನಾಗಿ ಆಗುತ್ತೆ, ಒಂದನ್ನು ನಾಲ್ಕು ಸೀಳು ಮಾಡಿದರೆ ಸಾಕು. ಪ್ಯಾಕೆಟ್ಟಿನ ಎರಡು ತುದಿಯ ಸ್ಲೈಸ್‌ಗಳನ್ನು ಯಾರೂ ತಿನ್ನದೆ ಬಿಡುತ್ತಾರಲ್ಲ, ಈ ತಿಂಡಿಗೆ ನನಗೆ ಅವೇ ಬೇಕು. ಒಂದು ಮುಖ ಪೂರ್ತಿ ಸಿಪ್ಪೆ ಇರೋದರಿಂದ ಎಷ್ಟು ನೆನೆದರೂ ಮುರಿಯೋದಿಲ್ಲ.

ಮೊಟ್ಟೆ ಹಾಕಿ ಮಾಡೋದಾದರೆ ಎರಡು ಮೊಟ್ಟೆ, ಅರ್ಧ ಕಪ್ ಹಾಲು, ಒಂದು ದೊಡ್ಡ ಚಮಚ ಸಕ್ಕರೆ, ಏಲಕ್ಕಿ ಪುಡಿ, ಒಂದು ಚಿಟಿಕೆ ಉಪ್ಪು. ಉಪ್ಪು ಬಿಡಬೇಡಿ, ಅದಿಲ್ಲದಿದ್ದರೆ ಸಿಹಿ ಸಪ್ಪೆ ಹೊಡೆಯುತ್ತೆ. ಮೊದಲು ಮೊಟ್ಟೆಯನ್ನೇ ಚೆನ್ನಾಗಿ ಕಡೆದು, ಆಮೇಲೆ ಹಾಲು ಹಾಕಿ. ಬಿಳಿಯ ಲೋಳೆ ಉಳಿದರೆ ಕಡ್ಡಿಯ ಅಂಚಿನಲ್ಲಿ ಆಮ್ಲೆಟ್ ಚೂರು ಅಂಟಿಕೊಂಡ ಹಾಗೆ ಕಾಣುತ್ತೆ, ಮಕ್ಕಳು ಅದನ್ನೇ ಕಿತ್ತು ಪಕ್ಕಕ್ಕಿಡುತ್ತಾರೆ. ಅಗಲವಾದ ತಟ್ಟೆಗೆ ಸುರಿದು, ಕಡ್ಡಿಯನ್ನು ಒಂದು ಕಡೆ ಹತ್ತು ಎಣಿಸುವಷ್ಟು ಹೊತ್ತು, ಇನ್ನೊಂದು ಕಡೆ ಅಷ್ಟೇ ಹೊತ್ತು ಇಟ್ಟು ತೆಗೆಯಿರಿ. ದಪ್ಪ ಕಡ್ಡಿಗೆ ಇದರ ಎರಡರಷ್ಟು.

ಅತ್ತೆಯವರಿಗೆ ಕಸ್ಟರ್ಡ್ ಪುಡಿಯದ್ದು ಮಾಡಿ. ಒಂದು ಕಪ್ ತಣ್ಣನೆಯ ಹಾಲಿಗೆ ಎರಡು ದೊಡ್ಡ ಚಮಚ ಕಸ್ಟರ್ಡ್ ಪುಡಿ, ಒಂದೂವರೆ ಚಮಚ ಸಕ್ಕರೆ. ಆ ಪುಡಿಯಲ್ಲಿ ಇರೋದು ಮುಖ್ಯವಾಗಿ ಮೆಕ್ಕೆಜೋಳದ ಪಿಷ್ಟ, ಮೊಟ್ಟೆ ಮಾಡುವ ಕೆಲಸವನ್ನು ಇಲ್ಲಿ ಅದು ಮಾಡುತ್ತೆ. ವೆನಿಲ್ಲಾ ಪರಿಮಳ ಮೊದಲೇ ಇರುತ್ತೆ, ಏಲಕ್ಕಿ ಬೇಡ. ಪುಡಿ ಸುಮ್ನೆ ತಳಕ್ಕೆ ಹೋಗಿ ಕೂರುತ್ತೆ, ಪ್ರತಿ ಕಡ್ಡಿ ಅದ್ದುವ ಮೊದಲೂ ಕಲಕಬೇಕು. ಮರೆತರೆ ಮೊದಲ ಕಡ್ಡಿಗಳಿಗೆ ಬರೀ ಹಾಲು, ಕೊನೆಯವಕ್ಕೆ ಬರೀ ಗಟ್ಟಿ. ಇದು ಮೊಟ್ಟೆಯದ್ದಕ್ಕಿಂತ ನೀರು, ಹಾಗಾಗಿ ನೆನೆಹಾಕೋದು ಬೇಡ. ಅದ್ದಿ, ಹೊರಳಿಸಿ, ತಕ್ಷಣ ತೆಗೆದು ತವಾಕ್ಕೆ.

ನನಗೆ ಇದಕ್ಕಿಂತ ಇಷ್ಟ ಬಾಳೆಹಣ್ಣಿನದ್ದು. ಚೆನ್ನಾಗಿ ಕಳಿತ ಎರಡು ಏಲಕ್ಕಿ ಬಾಳೆ, ಸಿಪ್ಪೆ ಕಪ್ಪಾಗಿದ್ದರೆ ಇನ್ನೂ ಒಳ್ಳೆಯದು. ಗಂಟಿಲ್ಲದ ಹಾಗೆ ಕಿವುಚಿ, ಅರ್ಧ ಕಪ್ ಹಾಲು, ಒಂದು ದೊಡ್ಡ ಚಮಚ ಅಕ್ಕಿ ಹಿಟ್ಟು, ಉಪ್ಪು ಹಾಕಿ ಕಲಸಿ. ಸಕ್ಕರೆ ಹಾಕಲೇಬೇಡಿ. ಹಿಟ್ಟು ಗಟ್ಟಿಯಾಗಿರೋದರಿಂದ ಬ್ರೆಡ್ಡಿನೊಳಗೆ ಜಾಸ್ತಿ ಇಳಿಯೋದಿಲ್ಲ, ಹೊರಗೆ ಒಂದು ಪದರ ಕಟ್ಟುತ್ತೆ. ಒಣಗಿಸಲು ಸಮಯ ಸಿಗದ ದಿನವೂ ಇದು ಕೈಕೊಡೋದಿಲ್ಲ. ಬೇಗ ಕಂದುತ್ತೆ ಅನ್ನೋದೊಂದೇ ಎಚ್ಚರಿಕೆ.

ಬೆಲ್ಲ ಹಾಕಬಹುದಾ ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತೆ. ಹಾಲಿನೊಳಗೆ ಬೇಡ. ಬೆಲ್ಲದ ಹುಳಿಯಂಶಕ್ಕೆ ಬಿಸಿ ತಾಗಿದಾಗ ಹಾಲು ಒಡೆಯಬಹುದು. ಮೇಲಿನಿಂದ ಹಾಕಿ. ಮಲೆನಾಡಿನ ಕಡೆಯ ಜೋನಿ ಬೆಲ್ಲ, ಅಂದರೆ ಜೇನಿನ ಹಾಗೆ ಸುರಿಯುವ ಬೆಲ್ಲ, ಮನೆಯಲ್ಲಿದ್ದರೆ ಸಣ್ಣ ಬಟ್ಟಲಲ್ಲಿ ಒಂದೆರಡು ಚಮಚ, ಅದಕ್ಕೆ ಬಿಸಿ ತುಪ್ಪದ ನಾಲ್ಕು ಹನಿ. ಕಡ್ಡಿಯನ್ನು ಅದಕ್ಕೆ ಅದ್ದಿಕೊಂಡು ತಿನ್ನಲು ಕೊಡಿ. ದೋಸೆಗೆ ಜೋನಿ ಬೆಲ್ಲ ಹಚ್ಚಿಕೊಂಡು ಬೆಳೆದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಜೇನುತುಪ್ಪವೂ ಆಗುತ್ತೆ. ಮನೆಯಲ್ಲಿ ಒಂದು ವರ್ಷ ತುಂಬದ ಕೂಸು ಇದ್ದರೆ ಅದಕ್ಕೆ ಮಾತ್ರ ಜೇನು ನೆಕ್ಕಿಸಬೇಡಿ, ಆ ವಯಸ್ಸಿಗೆ ಅದು ಅಪಾಯ.

ಈಗ ತವಾ. ಮಧ್ಯಮಕ್ಕಿಂತ ಕಮ್ಮಿ ಉರಿ. ನೀರು ಚಿಮುಕಿಸಿದರೆ ಹನಿ ಹಾರಿ ಓಡಬಾರದು, ಕೂತಲ್ಲೇ ಸದ್ದು ಮಾಡಿ ಆರಬೇಕು. ಬೆಣ್ಣೆಯ ರುಚಿ ಜಾಸ್ತಿ, ಆದರೆ ಅದರಲ್ಲಿರುವ ಹಾಲಿನಂಶ ಸೀದು ಎರಡನೇ ಸುತ್ತಿಗೆ ತವಾ ಕಪ್ಪಾಗುತ್ತೆ. ತುಪ್ಪ ಹಾಗಲ್ಲ. ಒಂದು ಚಮಚ ತುಪ್ಪ ಹರಡಿ, ಐದಾರು ಕಡ್ಡಿಗಳನ್ನು ನಡುವೆ ಜಾಗ ಬಿಟ್ಟು ಇಡಿ. ಇಟ್ಟ ತಕ್ಷಣ ಅಲ್ಲಾಡಿಸಲು ಹೋಗಬೇಡಿ. ಅಡಿ ಬೆಂದ ಮೇಲೆ ಅದೇ ತವಾ ಬಿಡುತ್ತೆ. ಸುಮಾರು ಒಂದೂವರೆ ನಿಮಿಷಕ್ಕೆ ಮಗುಚಿ. ಸ್ಲೈಸ್ ಆದರೆ ಎರಡೇ ಮುಖ, ಕಡ್ಡಿಗೆ ನಾಲ್ಕು. ಕತ್ತರಿಸಿದ ಬದಿಗಳಲ್ಲೇ ಹಾಲು ಮೊಟ್ಟೆ ಜಾಸ್ತಿ ನಿಂತಿರೋದು, ಅಲ್ಲೇ ಹಸಿ ಉಳಿಯೋದು. ಇಕ್ಕಳದಿಂದ ಒಂದೊಂದನ್ನೂ ಬದಿಗೆ ನಿಲ್ಲಿಸಿ, ಪಕ್ಕದ ಕಡ್ಡಿಗೆ ಒರಗಿಸಿ ಬೇಯಿಸಿ. ಒಂದನ್ನು ತೆಗೆದು ಬದಿಯಿಂದ ಬೆರಳಲ್ಲಿ ಒತ್ತಿ ನೋಡಿ. ಹಾಲು ಜಿನುಗಿದರೆ ಇನ್ನೂ ಬೇಕು. ಒತ್ತಿದ್ದು ಮತ್ತೆ ಉಬ್ಬಿ ಮೇಲೆ ಬಂದರೆ ಆಯಿತು.

ಹಾಲಿಗೇ ಸಕ್ಕರೆ ಜಾಸ್ತಿ ಸುರಿದರೆ ಒಳಗೆ ಬೇಯುವ ಮೊದಲೇ ಹೊರಗೆ ಸೀಯುತ್ತೆ. ಅದಕ್ಕೇ ಮೇಲೆ ಅಷ್ಟು ಕಮ್ಮಿ ಹೇಳಿದ್ದು. ಉಳಿದ ಸಿಹಿ ಹೊರಗಿನಿಂದ ಬರಲಿ. ತಟ್ಟೆಯಲ್ಲಿ ಮೂರು ಚಮಚ ಸಕ್ಕರೆ, ಕಾಲು ಚಮಚ ಚಕ್ಕೆ ಪುಡಿ ಬೆರೆಸಿಟ್ಟುಕೊಂಡು, ತವಾದಿಂದ ತೆಗೆದ ಕೂಡಲೇ ಕಡ್ಡಿಗಳನ್ನು ಅದರಲ್ಲಿ ಉರುಳಿಸಿ. ತುಪ್ಪದ ಪಸೆ ಇರುವಾಗಲೇ ಆಗಬೇಕು, ಆರಿದರೆ ಅಂಟೋದಿಲ್ಲ. ಪುಡಿ ಸಕ್ಕರೆ ಕರಗಿ ಅಂಟಂಟಾಗುತ್ತೆ, ಹರಳು ಸಕ್ಕರೆಯೇ ಇರಲಿ. ಹಲ್ಲಿಗೆ ಸಿಗುವ ಆ ಕರುಕುರು ಸದ್ದಿಗೇ ಮಕ್ಕಳು ಇನ್ನೊಂದು ಕೇಳೋದು.

ಸ್ಪೇನ್‌ನಲ್ಲಿ ಈಸ್ಟರ್‌ಗೆ ಮೊದಲಿನ ಉಪವಾಸದ ದಿನಗಳಲ್ಲಿ ತೊರ್ರೀಹಾ ಅಂತ ಮಾಡುತ್ತಾರೆ. ಹಳೆಯ ಬ್ರೆಡ್ಡನ್ನು ಮೊದಲು ಹಾಲಿನಲ್ಲೋ ವೈನಿನಲ್ಲೋ ನೆನೆಸಿ, ಆಮೇಲೆ ಬೇರೆಯಾಗಿ ಮೊಟ್ಟೆಯಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದು, ಸಕ್ಕರೆ ಚಕ್ಕೆಪುಡಿ ಉದುರಿಸುತ್ತಾರೆ. ನಮ್ಮ ಪಕ್ಕದ ಹೈದರಾಬಾದಿನ ಡಬಲ್ ಕಾ ಮೀಠಾ ಇದಕ್ಕೆ ಉಲ್ಟಾ. ಅಲ್ಲಿ ಮೊದಲು ಬ್ರೆಡ್ ತುಪ್ಪದಲ್ಲಿ ಕರಿದು, ಆಮೇಲೆ ಪಾಕ ಮತ್ತು ಹಾಲಿನಲ್ಲಿ ನೆನೆಸೋದು. ರುಚಿಗೆ ಅದನ್ನು ಮೀರಿಸೋದು ಕಷ್ಟ. ಆದರೆ ಅದಕ್ಕೆ ಚಮಚ ಬೇಕು. ಕೈಯಲ್ಲಿ ಹಿಡಿಯಬೇಕು ಅಂದರೆ ನೆನೆಸೋದು ಮೊದಲು, ಬೆಂಕಿ ಕೊನೆಗೆ.

ಭಾನುವಾರ ಸ್ವಲ್ಪ ಸಮಯ ಇದ್ದರೆ ಕಾಯಿ ಬೆಲ್ಲ ತುಂಬಿಸಿ ಮಾಡಿ. ಅರ್ಧ ಕಪ್ ತೆಂಗಿನ ತುರಿ, ಕಾಲು ಕಪ್ ಬೆಲ್ಲದ ಪುಡಿ, ಏಲಕ್ಕಿ ಹಾಕಿ ಬಾಣಲೆಯಲ್ಲಿ ಕೈಯಾಡಿಸಿ. ನೀರೆಲ್ಲ ಆರಿ ಉಂಡೆ ಕಟ್ಟುವ ಹದ ಬರಬೇಕು, ಹಸಿ ಇದ್ದರೆ ಬ್ರೆಡ್ ಒಳಗಿನಿಂದಲೇ ನೆನೆಯುತ್ತೆ. ಆರಿದ ಮೇಲೆ ಒಂದು ಸ್ಲೈಸಿಗೆ ತೆಳ್ಳಗೆ ಹರಡಿ, ಇನ್ನೊಂದನ್ನು ಮುಚ್ಚಿ, ಲಟ್ಟಣಿಗೆಯನ್ನು ಹಗುರವಾಗಿ ಉರುಳಿಸಿ ಒತ್ತಿ, ಆಮೇಲೆ ಮೂರು ಪಟ್ಟಿ ಮಾಡಿ. ಇದಕ್ಕೆ ಒಣಗಿದ ಬ್ರೆಡ್ ಆಗೋದಿಲ್ಲ, ಒತ್ತಿದಾಗ ಬಿರಿಯುತ್ತೆ. ಪ್ಯಾಕೆಟ್ಟಿನಿಂದ ಆಗಷ್ಟೇ ತೆಗೆದದ್ದೇ ಬೇಕು. ಗಟ್ಟಿ ಎನಿಸಿದರೆ ತವಾ ಮೇಲೆ ಅರೆಕ್ಷಣ ಬೆಚ್ಚಗೆ ಮಾಡಿ, ಬಿಗಿಯಾದ ಪಿಷ್ಟ ಬಿಸಿಗೆ ಮತ್ತೆ ಸಡಿಲವಾಗುತ್ತೆ. ಬಾಳೆಹಣ್ಣಿನ ಹಿಟ್ಟಿನಲ್ಲಿ ಹೊರಳಿಸಿ ಬೇಯಿಸಿ. ತೆಳು ಬ್ರೆಡ್ಡಿನ ಚಿಂತೆಯೂ ಇಲ್ಲಿಗೆ ಮುಗಿಯಿತು, ಬೇಕರಿಯ ದಿಲ್ ಪಸಂದ್ ಇಷ್ಟಪಡುವವರು ಮನೆಯಲ್ಲಿದ್ದರೆ ಮಗನಿಗೆ ಉಳಿಯೋದು ಅನುಮಾನ.

ಡಬ್ಬಿಗೆ ಹಾಕೋದಾದರೆ ಬಿಸಿಬಿಸಿಯಾಗಿ ಮುಚ್ಚಬೇಡಿ, ಬೆವರಿ ಮೆತ್ತಗಾಗುತ್ತೆ. ಜಾಲರಿಯ ಮೇಲೆ ಐದು ನಿಮಿಷ ಆರಲಿ. ಅದ್ದಿ ಉಳಿದ ಮೊಟ್ಟೆ ಹಾಲನ್ನು ಸಂಜೆಗೆ ಅಂತ ಹೊರಗಿಡಬೇಡಿ, ಕೊನೆಯ ಎರಡು ಅಂಚಿನ ಚೂರಿಗೆ ಸುರಿದು ಅಲ್ಲೇ ಮುಗಿಸಿ. ಬೇಯಿಸಿದ ಕಡ್ಡಿ ಉಳಿದರೆ, ಸಕ್ಕರೆಯಲ್ಲಿ ಉರುಳಿಸದೆ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಫ್ರೀಜರ್‌ನಲ್ಲಿಟ್ಟು, ಗಟ್ಟಿಯಾದ ಮೇಲೆ ಕವರ್‌ಗೆ ಹಾಕಿ. ಶಾಲೆಯ ದಿನ ನೇರ ತವಾ ಮೇಲಿಟ್ಟು ಸಣ್ಣ ಉರಿಯಲ್ಲಿ ಬಿಸಿ ಮಾಡಿದರಾಯಿತು. ಎರಡು ಥರ ಮಾಡುವಾಗ ಅತ್ತೆಯವರದ್ದನ್ನು ಮೊದಲು ಬೇಯಿಸಿಬಿಡಿ, ಆಮೇಲೆ ಅದೇ ತವಾದಲ್ಲಿ ಮೊಟ್ಟೆಯದ್ದು.