ನೇಣು ವಿಧಿಸಿದವರು ಒಂಟಿ ಸೆರೆ ವಿಧಿಸಿರಲಿಲ್ಲ

ಶಿರಸಿಯ ಓದುಗರೊಬ್ಬರು ಅತ್ಯಾಚಾರ ಮತ್ತು ಕೊಲೆಯ ಅಪರಾಧಿ ಬಿ.ಎ. ಉಮೇಶನನ್ನು ಜೈಲಿನಲ್ಲಿ ಹತ್ತು ವರ್ಷ ಒಂಟಿ ಸೆರೆಯಲ್ಲಿಟ್ಟಿದ್ದ ಕಾರಣಕ್ಕೆ ಸುಪ್ರೀಂ ಕೋರ್ಟು 2022ರ ನವೆಂಬರಿನಲ್ಲಿ ಅವನ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿದ್ದನ್ನು ನೆನೆದು, ‘ಹತ್ತು ವರ್ಷ ಒಬ್ಬನೇ ಕೋಣೆಯಲ್ಲಿ ಕೂತದ್ದೂ ಒಂದು ನೋವೇ? ಸತ್ತವಳು ಯಾರ ಲೆಕ್ಕದಲ್ಲಿದ್ದಾಳೆ?’ ಎಂದು ಕೇಳಿದ್ದಾರೆ.

ನಿಮ್ಮ ಎರಡನೆಯ ಪ್ರಶ್ನೆಗೆ ತಲೆಬಾಗುತ್ತೇನೆ. 1998ರಲ್ಲಿ ಬೆಂಗಳೂರಿನ ತನ್ನ ಮನೆಯಲ್ಲೇ ಅತ್ಯಾಚಾರಕ್ಕೀಡಾಗಿ ಕೊಲೆಯಾದ ಆ ತಾಯಿಯನ್ನು ಮರೆತು ಯಾರೂ ಮಾತಾಡಬಾರದು. ಅಪರಾಧಿ ಕನಿಷ್ಠ 30 ವರ್ಷ ಜೈಲಿನಲ್ಲಿ ಕಳೆಯಬೇಕೆಂದು ಅದೇ ಕೋರ್ಟು ಹೇಳಿದೆ.

ಮೊದಲನೆಯ ಪ್ರಶ್ನೆಯನ್ನು ಮಾತ್ರ ನೀವು ಅಷ್ಟು ಹಗುರವಾಗಿ ಕೇಳಬಾರದಿತ್ತು. 2020ರಲ್ಲಿ 14 ದಿನ ಕ್ವಾರಂಟೈನಿನಲ್ಲಿದ್ದ ನಮ್ಮ ಓದುಗರ ಪತ್ರಗಳನ್ನು ನಾನಿನ್ನೂ ಎತ್ತಿಟ್ಟುಕೊಂಡಿದ್ದೇನೆ. ಫೋನಿದ್ದು, ಟಿ.ವಿ. ಇದ್ದು, ಬಾಗಿಲಾಚೆ ತಟ್ಟೆಯಿಟ್ಟು ‘ಅಪ್ಪಾ’ ಎಂದು ಕರೆಯುವ ಮಗಳಿದ್ದೂ, ಒಂಬತ್ತನೆಯ ದಿನ ಗೋಡೆಯೊಡನೆ ಮಾತಾಡತೊಡಗಿದೆ ಎಂದು ನಿವೃತ್ತ ಮೇಷ್ಟರೊಬ್ಬರು ಬರೆದಿದ್ದರು. ಬೆಳಗಾವಿ ಜೈಲಿನ ಒಂಟಿ ಕೋಣೆಯಲ್ಲಿ ಉಮೇಶ 2006ರಿಂದ 2016ರವರೆಗೆ ಇದ್ದ.

ಅವನಿಗೆ ನ್ಯಾಯಾಲಯ ಕೊಟ್ಟದ್ದು ನೇಣು. ಆ ಕೋಣೆಯನ್ನು ಯಾವ ನ್ಯಾಯಾಧೀಶರೂ ವಿಧಿಸಿರಲಿಲ್ಲ. ಬ್ರಿಟಿಷರು 1860ರಲ್ಲಿ ಬರೆದ ದಂಡಸಂಹಿತೆ ಕೂಡ, ಕಠಿಣ ಸಜೆಯ ಜೊತೆಗೆ ನ್ಯಾಯಾಲಯವೇ ಆದೇಶಿಸಿದರೆ ಮಾತ್ರ ಒಂಟಿ ಸೆರೆ, ಅದೂ ಒಟ್ಟು ಮೂರು ತಿಂಗಳು ಮೀರದಂತೆ, ಒಂದು ಸಲಕ್ಕೆ 14 ದಿನ ದಾಟದಂತೆ ಎಂದು ಗೆರೆ ಎಳೆದಿತ್ತು. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಆ ಗೆರೆಯನ್ನು ಉಳಿಸಿಕೊಂಡಿದೆ. ಕೊಲೆ ಮಾಡಿ ದೆಹಲಿಯ ತಿಹಾರ ಜೈಲಿನಲ್ಲಿ ನೇಣಿಗೆ ಕಾಯುತ್ತಿದ್ದ ಸುನಿಲ್ ಬಾತ್ರಾನ ಮೊಕದ್ದಮೆಯಲ್ಲಿ, ದಯಾ ಅರ್ಜಿಯ ತೀರ್ಮಾನವಾಗುವವರೆಗೆ ಅಂಥ ಕೈದಿಯನ್ನು ಒಂಟಿ ಸೆರೆಯಲ್ಲಿಡುವಂತಿಲ್ಲವೆಂದು ಸುಪ್ರೀಂ ಕೋರ್ಟು 1978ರಲ್ಲೇ ಹೇಳಿತ್ತು. ಅದೇ ಬಾತ್ರಾ ಆಮೇಲೆ ಇನ್ನೊಬ್ಬ ಕೈದಿಯ ಮೇಲಾದ ಚಿತ್ರಹಿಂಸೆಯ ಬಗ್ಗೆ ನ್ಯಾಯಮೂರ್ತಿಯೊಬ್ಬರಿಗೆ ಪತ್ರ ಬರೆದ. ಕೋರ್ಟು ಆ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿತು. ಪತ್ರಗಳನ್ನೇ ನಂಬಿ ಬದುಕುವ ನನಗೆ ಇದು ಬಲು ಪ್ರಿಯವಾದ ಸಂಗತಿ. ಕೊಲೆಗಾರನಲ್ಲೂ ಪರರ ನೋವಿಗೆ ಮಿಡಿಯುವ ಮನಸ್ಸು ಉಳಿದಿರುತ್ತದೆ; ಒಂಟಿ ಕೋಣೆ ಕೊಲ್ಲುವುದು ಮೊದಲು ಅದನ್ನೇ.

ಉಮೇಶನ ದಯಾ ಅರ್ಜಿ ತಿರಸ್ಕೃತವಾದದ್ದು 2013ರಲ್ಲಿ. ಅಂದರೆ 1978ರ ತೀರ್ಪನ್ನು ನಮ್ಮ ರಾಜ್ಯದ ಜೈಲೊಂದು ಏಳು ವರ್ಷ ದಿನನಿತ್ಯ ಮುರಿಯಿತು. ಆ ವರ್ಷಗಳಲ್ಲಿ ನಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲರೂ ಅವನ ಕ್ರೌರ್ಯದ ಬಗ್ಗೆ ಪುಟಗಟ್ಟಲೆ ಬರೆದೆವು, ಅವನನ್ನು ಎಲ್ಲಿ ಕೂಡಿಟ್ಟಿದ್ದಾರೆಂದು ಕೇಳಲಿಲ್ಲ. ನೇಣು ತಪ್ಪಿತೆಂಬ ಸಿಟ್ಟು ನಿಮಗಿದ್ದರೆ, ಮಾನ್ಯರೇ, ಆ ಕೋಣೆಯ ಬೀಗದ ಕೈ ಯಾರ ಕೈಯಲ್ಲಿತ್ತೆಂದು ಕೇಳಿ ಬಂದೀಖಾನೆ ಇಲಾಖೆಗೂ ಒಂದು ಪತ್ರ ಬರೆಯಿರಿ. ಅದರ ಪ್ರತಿಯನ್ನು ನಾನು ಪ್ರಕಟಿಸುತ್ತೇನೆ.