ಮುದ್ದೆ ಉಂಡರೂ ಶುಗರ್ ಏರುವುದೇಕೆ?

ಪ್ರಶ್ನೆ: ನಮ್ಮ ಯಜಮಾನರಿಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ. ಅನ್ನ ಬಿಡಿಸಿ ಎರಡು ಹೊತ್ತೂ ರಾಗಿಮುದ್ದೆ ಬಡಿಸುತ್ತಿದ್ದೇನೆ. ಆದರೂ ಊಟದ ನಂತರ ನೋಡಿದರೆ 240, 250 ಬರುತ್ತದೆ. ರಾಗಿ ಶುಗರ್‌ಗೆ ಒಳ್ಳೆಯದಲ್ಲವೇ?
— ಗೃಹಿಣಿ, ಮಂಡ್ಯ

ಉತ್ತರ: ರಾಗಿ ಒಳ್ಳೆಯ ಧಾನ್ಯವೇ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಎಡವಟ್ಟಾಗುವುದು ಮುದ್ದೆಯ ಗಾತ್ರದಲ್ಲಿ. ನಾಳೆ ಮುದ್ದೆಗೆ ಎಸರಿಡುವ ಮೊದಲು ಹಿಟ್ಟನ್ನು ತೂಕ ಮಾಡಿ ನೋಡಿ. 100 ಗ್ರಾಂ ಹಿಟ್ಟಿಗೆ 200 ಮಿ.ಲೀ. ನೀರು ಹಿಡಿದರೆ 280 ಗ್ರಾಂ ಆಸುಪಾಸಿನ ಒಂದು ಮುದ್ದೆಯಾಗುತ್ತದೆ. ಅದರಲ್ಲಿ ಸುಮಾರು 67 ಗ್ರಾಂ ಕಾರ್ಬೊಹೈಡ್ರೇಟ್ ಇರುತ್ತದೆ. 30 ಗ್ರಾಂ ಗೋಧಿ ಹಿಟ್ಟಿನ ಒಂದು ಚಪಾತಿಯಲ್ಲಿ ಇರುವುದು 19 ಗ್ರಾಂ. ಅಂದರೆ ಒಂದು ಮುದ್ದೆ ಉಂಡರೆ ಮೂರೂವರೆ ಚಪಾತಿ ಉಂಡ ಲೆಕ್ಕ. ಆಮೇಲೆ ಮಜ್ಜಿಗೆಗೆಂದು ಎರಡು ಸೌಟು ಅನ್ನ ಹಾಕಿಕೊಂಡರೆ ಅದೂ ಸೇರಿತು.

ಇನ್ನೊಂದು ಕಾರಣ ಹಿಟ್ಟಿನ ನುಣುಪು. ನುಣ್ಣಗೆ ಬೀಸಿದ ಹಿಟ್ಟು ಕುದಿಯುವ ನೀರಿನಲ್ಲಿ ಬೆಂದು, ಗಂಟಿಲ್ಲದಂತೆ ತಿರುವಿದ ಮೇಲೆ, ಪಿಷ್ಟವೆಲ್ಲ ನೀರು ಹೀರಿ ಉಬ್ಬಿರುತ್ತದೆ. ಜೀರ್ಣರಸಕ್ಕೆ ಕರಗಿಸಲು ಹೆಚ್ಚು ಹೊತ್ತು ಬೇಡ. ಮುದ್ದೆ ಬಿಳುಪಾಗಲಿ ಎಂದು ಹಿಟ್ಟನ್ನು ವಸ್ತ್ರಗಾಳಿಸಿದರೆ ಇದ್ದ ನಾರೂ ತೌಡಿನ ಜೊತೆ ಹೋಗುತ್ತದೆ. ದಯವಿಟ್ಟು ಗಾಳಿಸಬೇಡಿ.

ಹೀಗೆ ಮಾಡಿ: ಒಂದು ಹೊತ್ತಿಗೆ 60 ಗ್ರಾಂ ಹಿಟ್ಟು, 120 ಮಿ.ಲೀ. ನೀರು. ಬಸ್ಸಾರು ಮಾಡಿದ ದಿನ ಬಸಿದ ಕಾಳು–ಸೊಪ್ಪಿನ ಪಲ್ಯವನ್ನು ನಂಚಿಕೊಳ್ಳಲು ಎರಡು ಚಮಚ ಹಾಕಿ ಬಿಡಬೇಡಿ, ಒಂದು ದೊಡ್ಡ ಬಟ್ಟಲು ತುಂಬ ಬಡಿಸಿ. ಅದರಲ್ಲಿ ಅರ್ಧವನ್ನು ಮೊದಲೇ ತಿಂದು ಆಮೇಲೆ ಮುದ್ದೆ ಮುರಿಯಲಿ. ನಾರು, ಪ್ರೋಟೀನು ಮೊದಲು ಹೊಟ್ಟೆಗೆ ಇಳಿದರೆ ಅದೇ ಮುದ್ದೆ ಶುಗರನ್ನು ನಿಧಾನವಾಗಿ ಏರಿಸುತ್ತದೆ. ಊಟವಾದ ಮೇಲೆ ಹದಿನೈದು ನಿಮಿಷ ನಡೆಯಲಿ.

ಒಂದು ಎಚ್ಚರಿಕೆ. ಅವರು ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳದೆ ಮುದ್ದೆಯನ್ನು ದಿಢೀರನೆ ಅರ್ಧ ಮಾಡಬೇಡಿ. ಔಷಧದ ಪ್ರಮಾಣ ಹಾಗೇ ಉಳಿದು ಶುಗರ್ 70ಕ್ಕಿಂತ ಕೆಳಗೆ ಬೀಳಬಹುದು. ಬೆವರು, ನಡುಕ, ತಲೆಸುತ್ತು ಕಂಡರೆ ತಕ್ಷಣ 15 ಗ್ರಾಂ ಗ್ಲೂಕೋಸ್ ಪುಡಿ ನೀರಿನಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ.

ಪರೀಕ್ಷೆ ಮಾಡುವ ರೀತಿಯನ್ನೂ ಗಮನಿಸಿ. ಎರಡು ಗಂಟೆ ಎಣಿಸಬೇಕಾದ್ದು ಮೊದಲ ತುತ್ತಿನಿಂದ, ಕೈ ತೊಳೆದ ಹೊತ್ತಿನಿಂದ ಅಲ್ಲ. ಬೆರಳು ಚುಚ್ಚುವ ಮುಂಚೆ ಕೈ ತೊಳೆದು ಒರೆಸಿಕೊಳ್ಳಲಿ. ಬಾಳೆಹಣ್ಣು ಸುಲಿದ ಬೆರಳಾದರೆ ಅಂಟಿದ ಸಕ್ಕರೆಯೂ ಲೆಕ್ಕಕ್ಕೆ ಬಂದು ಇಲ್ಲದ ಶುಗರ್ ತೋರಿಸುತ್ತದೆ. ಬಹುಪಾಲು ವಯಸ್ಕರಿಗೆ ಊಟದ ನಂತರ 180ರ ಒಳಗಿದ್ದರೆ ಸರಿ.

ಪ್ರಶ್ನೆ: ಬೆಳಿಗ್ಗೆ ತಿಂಡಿಗೆ ಮೊಳಕೆ ರಾಗಿ ಮಾಲ್ಟ್ ಒಂದು ದೊಡ್ಡ ಲೋಟ ಕುಡಿಯುತ್ತೇನೆ, ಸಕ್ಕರೆ ಬದಲು ಬೆಲ್ಲ. ಹತ್ತು ಗಂಟೆಗೆಲ್ಲ ಹೊಟ್ಟೆ ಚುರುಗುಟ್ಟುತ್ತದೆ.
— ಶಿಕ್ಷಕಿ, ಶಿವಮೊಗ್ಗ

ಉತ್ತರ: ರಾಗಿ ಮೊಳೆತಾಗ ಅದರೊಳಗೆ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ. ಮೊಳಕೆ ಹಿಟ್ಟಿನ ಗಂಜಿ ತೆಳ್ಳಗಾಗುವುದೂ ತುಸು ಸಿಹಿಯಾಗುವುದೂ ಅದಕ್ಕೇ. ಹಾಲು ಬಿಡಿಸುವ ಮಗುವಿಗೆ, ಜ್ವರದಿಂದ ಎದ್ದವರಿಗೆ ಇದು ವರ. ನಿಮಗೆ ಬೇಕಿರುವುದು ಮಧ್ಯಾಹ್ನದವರೆಗೆ ಹೊಟ್ಟೆ ಹಿಡಿಯುವ ತಿಂಡಿ. ಅಗಿಯುವ ಕೆಲಸವೇ ಇಲ್ಲದೆ ಎರಡು ನಿಮಿಷದಲ್ಲಿ ಲೋಟ ಖಾಲಿಯಾದರೆ ಉಂಡ ತೃಪ್ತಿ ಬರುವುದಿಲ್ಲ. ಬೆಲ್ಲವೂ ಶುಗರ್ ಏರಿಸುವುದರಲ್ಲಿ ಸಕ್ಕರೆಗೆ ಹೆಚ್ಚು ಕಡಿಮೆ ಸಮ.

ಅದೇ ರಾಗಿಯಲ್ಲಿ ರೊಟ್ಟಿ ತಟ್ಟಿ. ಮೊಳಕೆ ಕಟ್ಟದ ಹಿಟ್ಟು 50 ಗ್ರಾಂ, ಹೆಚ್ಚಿದ ಈರುಳ್ಳಿ, ಒಂದು ಹಿಡಿ ನುಗ್ಗೆಸೊಪ್ಪು. ಜೊತೆಗೆ ಎರಡು ಮೊಟ್ಟೆ ಅಥವಾ ಒಂದು ಬಟ್ಟಲು ಹೆಸರುಕಾಳು ಉಸಲಿ. ಕುಡಿಯಲೇಬೇಕು ಅನ್ನಿಸಿದರೆ 20 ಗ್ರಾಂ ಹಿಟ್ಟಿನ ಅಂಬಲಿಗೆ ಬೆಲ್ಲ ಬಿಟ್ಟು ಗಟ್ಟಿ ಮಜ್ಜಿಗೆ, ಉಪ್ಪು, ಜೀರಿಗೆ ಹಾಕಿ.

ಪ್ರಶ್ನೆ: ಬಿಳಿ ಬ್ರೆಡ್ ಬಿಟ್ಟು ಬ್ರೌನ್ ಬ್ರೆಡ್ ತಿನ್ನುತ್ತಿದ್ದೇನೆ. ಶುಗರ್‌ನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ.
— ಓದುಗರು, ಬೆಂಗಳೂರು

ಉತ್ತರ: ಕಾಣದಿರುವುದೇ ಸಹಜ. ಪೊಟ್ಟಣ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿ. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ಬರೆದಿರುತ್ತಾರೆ. ಮೊದಲ ಹೆಸರು ‘ರಿಫೈನ್ಡ್ ವೀಟ್ ಫ್ಲೋರ್’ ಎಂದಿದ್ದರೆ ಅದು ಮೈದಾ ಬ್ರೆಡ್ಡೇ. ಕೊನೆಯಲ್ಲಿ ‘ಐಎನ್‌ಎಸ್ 150’ ಎಂಬ ಬಣ್ಣದ ಸಂಖ್ಯೆ ಕಂಡರೆ ಆ ಕಂದು ಕ್ಯಾರಮೆಲ್‌ನದು, ಅಂದರೆ ಕಾಯಿಸಿ ಕಂದಾಗಿಸಿದ ಸಕ್ಕರೆಯದು.

ಇನ್ನು ಅಪ್ಪಟ ಇಡಿಗೋಧಿ ಬ್ರೆಡ್ ಸಿಕ್ಕಿತು ಎನ್ನೋಣ. ಆಹಾರ ಶುಗರನ್ನು ಎಷ್ಟು ಏರಿಸುತ್ತದೆ ಎಂಬುದನ್ನು ಗ್ಲೂಕೋಸ್‌ಗೆ 100 ಎಂದು ಹಿಡಿದು ಅಳೆಯುವ ಗ್ಲೈಸೆಮಿಕ್ ಸೂಚ್ಯಂಕದಲ್ಲಿ ಬಿಳಿ ಬ್ರೆಡ್ 75, ಇಡಿಗೋಧಿಯದು 74. ತೌಡು ಸೇರಿದ್ದರೂ ಹಿಟ್ಟು ಅಷ್ಟೇ ನುಣುಪು, ಬ್ರೆಡ್ಡು ಅಷ್ಟೇ ಹಗುರ. ಹಾಗಾದರೆ ಲಾಭವೇ ಇಲ್ಲವೇ? ಇದೆ, ಹಸಿವಿನ ವಿಷಯದಲ್ಲಿ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ 38 ಆಹಾರಗಳನ್ನು ತಲಾ 240 ಕ್ಯಾಲರಿಯಷ್ಟು ಕೊಟ್ಟು ಎರಡು ಗಂಟೆ ಹೊಟ್ಟೆ ಎಷ್ಟು ತುಂಬಿದಂತಿದೆ ಎಂದು ಅಳೆದರು. ಬಿಳಿ ಬ್ರೆಡ್ಡಿಗೆ 100 ಎಂದಿಟ್ಟರೆ ಇಡಿಗೋಧಿ ಬ್ರೆಡ್ಡಿಗೆ 157, ಓಟ್ಸ್ ಗಂಜಿಗೆ 209, ಬೇಯಿಸಿದ ಆಲೂಗಡ್ಡೆಗೆ 323 ಬಂತು. ಶುಗರ್ ಏರಿಸುವುದೆಂದು ನಾವು ದೂರವಿಡುವ ಆಲೂಗಡ್ಡೆ ಹೊಟ್ಟೆ ತುಂಬಿಸುವುದರಲ್ಲಿ ಎಲ್ಲಕ್ಕಿಂತ ಮುಂದು! ಶುಗರ್ ಬೇರೆ, ಹಸಿವು ಬೇರೆ. ಎರಡನ್ನೂ ಒಂದೇ ಸಂಖ್ಯೆಯಲ್ಲಿ ನೋಡಬೇಡಿ.

ಬ್ರೆಡ್ಡೇ ಬೇಕಿದ್ದರೆ ಹಲ್ಲಿಗೆ ಇಡೀ ಕಾಳು ಸಿಗುವಂಥದ್ದನ್ನು, ನೂರು ಗ್ರಾಂಗೆ 6 ಗ್ರಾಂ ನಾರಾದರೂ ಇರುವುದನ್ನು ಆರಿಸಿ. ಎರಡು ಸ್ಲೈಸ್ ಸಾಕು. ಜಾಮ್ ಬೇಡ, ಮೊಟ್ಟೆ ಅಥವಾ ಪನೀರ್ ಇರಲಿ.

ಪ್ರಶ್ನೆ: ನಾವು ಜೋಳದ ರೊಟ್ಟಿ ಉಣ್ಣೋ ಮಂದಿ. ಖಡಕ್ ರೊಟ್ಟಿ ಎಷ್ಟು ತಿಂದರೂ ನಡೆಯುತ್ತದೆ ಅನ್ನುತ್ತಾರೆ. ಹೌದೇ?
— ರೈತರು, ಬಾಗಲಕೋಟೆ

ಉತ್ತರ: ನಡೆಯುವುದಿಲ್ಲ. ಒಣಗಿದಾಗ ಹೋಗುವುದು ನೀರು ಮಾತ್ರ, ಹಿಟ್ಟು ಅಷ್ಟೂ ಅಲ್ಲೇ ಇರುತ್ತದೆ. ನಾಲ್ಕು ರೊಟ್ಟಿ ಒಟ್ಟಿಗೆ ತೂಗಿ ನಾಲ್ಕರಿಂದ ಭಾಗಿಸಿ. ಒಂದು 25 ಗ್ರಾಂ ಬಂದರೆ ಸುಮಾರು 16 ಗ್ರಾಂ ಕಾರ್ಬೊಹೈಡ್ರೇಟ್ ಎಂದು ಹಿಡಿಯಿರಿ. ಬೆರಳಿಗೆ ಹಗುರ ಅಂತ ಐದಾರು ಸಲೀಸಾಗಿ ಹೋಗಿಬಿಡುತ್ತವೆ. ನಿಮ್ಮ ತಾಟಿನ ನಿಜವಾದ ಬಲ ರೊಟ್ಟಿಯ ಪಕ್ಕದಲ್ಲಿದೆ: ಮಡಿಕೆಕಾಳಿನ ಪಲ್ಯ, ಹಸಿ ಮೆಂತ್ಯ, ಮೊಸರು. ಅವು ಹೆಚ್ಚಲಿ, ರೊಟ್ಟಿ ಎರಡು ಮೂರಕ್ಕೆ ನಿಲ್ಲಲಿ.

ಪ್ರಶ್ನೆ: ತಂಗಳನ್ನ ತಿಂದರೆ ಶುಗರ್ ಏರುವುದಿಲ್ಲವಂತೆ, ನಿಜವೇ?
— ವಿದ್ಯಾರ್ಥಿ, ತುಮಕೂರು

ಉತ್ತರ: ಸ್ವಲ್ಪ ನಿಜ. ಅನ್ನ ಆರಿದಾಗ ಪಿಷ್ಟದ ಒಂದು ಭಾಗ ಮತ್ತೆ ಬಿಗಿದುಕೊಂಡು ಸುಲಭವಾಗಿ ಜೀರ್ಣವಾಗುವುದಿಲ್ಲ. ಆದರೆ ವ್ಯತ್ಯಾಸ ಚಿಕ್ಕದು, ಎರಡು ಬಟ್ಟಲು ಉಣ್ಣಲು ಪರವಾನಗಿ ಅಲ್ಲ. ಪಾತ್ರೆಯಲ್ಲೇ ರಾತ್ರಿಯಿಡೀ ಹೊರಗಿಟ್ಟ ಅನ್ನದಲ್ಲಿ ವಾಂತಿ–ಭೇದಿ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು, ಅದರ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ತಟ್ಟೆಯಲ್ಲಿ ಹರಡಿ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ ಇಟ್ಟು, ಮರುದಿನವೇ ಮುಗಿಸಿ.