ಪ್ರತಿಕ್ರಿಯೆ: ಡೊಂಬಿವಲಿ ಮನೇಲಿರೋ ದೊಡ್ಡಪ್ಪನ ಪೇಂಟಿಂಗ್‌ಗಳು

ಮುಂಬೈ ಹತ್ರದ ಡೊಂಬಿವಲಿ ಮನೇಲಿ ತೀರ್ಕೊಂಡ ದೊಡ್ಡಪ್ಪ ಬಿಟ್ಟುಹೋದ ಪೇಂಟಿಂಗ್‌ಗಳನ್ನ ಏನ್ ಮಾಡೋದು ಅಂತ ಕೇಳಿದ್ರಲ್ಲ. ಗ್ಯಾಲರಿಯವ್ರು ಅಷ್ಟೂ ಕ್ಯಾನ್ವಾಸ್ ನೋಡಿ "ಹೆಸರಿಲ್ಲದ ಆರ್ಟಿಸ್ಟು" ಅಂದಿದ್ದು ಬಹುಶಃ ಚಿತ್ರ ಚೆನ್ನಾಗಿಲ್ಲ ಅಂತಲ್ಲ, ದಾಖಲೆ ಇಲ್ಲ ಅಂತ. ಡಚ್ ಚಿತ್ರಕಾರ ವ್ಯಾನ್ ಗೋ ಥರ ಸತ್ತ್‌ಮೇಲಾದ್ರೂ ಹೆಸರು ಬರುತ್ತಾ ಅಂದ್ರಲ್ಲ, ಅದು ತಾನಾಗೇ ಬಂದಿದ್ದಲ್ಲ ಕಣ್ರೀ, ಅವ್ನು 1890ರಲ್ಲಿ ಹೋದ, ಆರು ತಿಂಗಳಲ್ಲಿ ತಮ್ಮ ಥಿಯೋನೂ ಹೋದ, ಥಿಯೋ ಹೆಂಡ್ತಿ ಯೋಹಾನಾ ಆ ಚಿತ್ರಗಳ ರಾಶೀನ ಕಾಪಾಡಿ, ಮಾರಿದ್ದಕ್ಕೆಲ್ಲ ಲೆಕ್ಕ ಬರೆದಿಟ್ಟು, 1905ರಲ್ಲಿ ಆಮ್‌ಸ್ಟರ್‌ಡಾಮಲ್ಲಿ ದೊಡ್ಡ ಶೋ ಮಾಡಿಸಿ, 1914ರಲ್ಲಿ ಅವ್ನ ಪತ್ರಗಳನ್ನ ಅಚ್ಚು ಹಾಕ್ಸಿದ್ಲು.

ಸೋ ಮೊದ್ಲು ಬಿಡಿಬಿಡಿಯಾಗಿ ಮಾರೋದು ನಿಲ್ಸಿ. ಮಳೆಗಾಲಕ್ಕೆ ಮುಂಚೆ ಹೊರಗೋಡೆಯಿಂದ ದೂರ, ನೆಲ ಬಿಟ್ಟು ಎತ್ತರದಲ್ಲಿಡಿ, ಪ್ಲಾಸ್ಟಿಕ್ ಸುತ್ತಬೇಡಿ (ಪುಣೇಲಿ ನಮ್ಮಪ್ಪನ ಚಿತ್ರಗಳಿಗೆ ಸುತ್ತಿ ಫಂಗಸ್ ಬರಿಸ್ಕೊಂಡಿದ್ದೀವಿ), ಒದ್ದೆ ಬಟ್ಟೇಲಂತೂ ಒರೆಸ್ಲೇಬೇಡಿ. ಆಮೇಲೆ ಒಂದೊಂದ್ರದ್ದೂ ಮುಂದೆ-ಹಿಂದೆ ಫೋಟೋ ತೆಗ್ದು ಅಳತೆ, ಸಹಿ, ವರ್ಷ ಎಲ್ಲಾ ಒಂದು ಶೀಟಲ್ಲಿ ಹಾಕಿ, ವರ್ಷ ಗೊತ್ತಿಲ್ದಿದ್ರೆ ಅಂದಾಜು ಅಂತಾನೇ ಬರೀರಿ. ಕಾಗದ, ಡೈರಿ, ಹಳೇ ಇನ್ವಿಟೇಶನ್ ಎಸೀಬೇಡಿ. ಚಿತ್ರ ಮಾರೋಕೆ, ಕೊಡೋಕೆ ವಾರಸುದಾರರ ಒಪ್ಪಿಗೆ ಬರಹದಲ್ಲಿರ್ಲಿ.

ಕೊನೇಗೆ ಚಿತ್ರಗಳನ್ನ ತಗೊಂಡು ಇಟ್ಕೋತೀರಾ ಅಂತ ಸಂಸ್ಥೆಗಳನ್ನ ಕೇಳಿ. ಪುಣೇಲಿದ್ದ ಗೋವಾದ ಚಿತ್ರಕಾರ ಆಂಜೆಲೊ ದ ಫೊನ್ಸೆಕಾ 1967ರಲ್ಲಿ ತೀರ್ಕೊಂಡ್ರು, ಆಮೇಲೆ ಅವ್ರ ಚಿತ್ರಗಳು ಸೇರಿದ್ದು ಗೋವಾದ ಪರ್ವರಿಯಲ್ಲಿರೋ ಇತಿಹಾಸ ಸಂಶೋಧನಾ ಸಂಸ್ಥೆ ಝೇವಿಯರ್ ಸೆಂಟರ್‌ಗೆ, ಹೆಂಡ್ತಿ ಕೊಟ್ಟಿದ್ದು. ಬೆಲೆ ಬರುತ್ತೋ ಇಲ್ವೋ ಯಾರೂ ಗ್ಯಾರಂಟಿ ಕೊಡಲ್ಲ, ಆದ್ರೆ ಆ ಶೀಟ್ ರೆಡಿಯಾಗೋ ತನಕ ಇನ್ನೊಂದು ಗ್ಯಾಲರಿ ಮೆಟ್ಲು ಹತ್ತಬೇಡಿ.